ರಾತ್ರಿ ಹನ್ನೊಂದರ ಹಸಿವು ಹೊಟ್ಟೆಯದ್ದಲ್ಲ

ನಮ್ಮ ಉಡುಪಿ ಕಡೆಯ ಮಾಜಿ ಸೈನಿಕರು ನನ್ನ ಹತ್ರ ಬರುದು ಹೆಚ್ಚಾಗಿ ತೂಕಕ್ಕೆ, ಇಲ್ಲಾಂದ್ರೆ ಶುಗರಿಗೆ. ತಿನ್ನುವ ವಿಷಯ ಅವರಾಗಿ ಹೇಳುದಿಲ್ಲ, ಜೊತೆಗೆ ಬಂದ ಹೆಂಡತಿ ಹೇಳ್ಬೇಕು. ಕಾಪು ಕಡೆಯ ಒಬ್ರು ರಿಟೈರ್ಡ್ ಹವಾಲ್ದಾರರ ಮನೆಯವರು ಹೇಳಿದ್ರು, "ಊಟ ಸರಿಯಾಗೇ ಮಾಡ್ತಾರೆ ಡಾಕ್ಟ್ರೇ, ಆದ್ರೆ ರಾತ್ರಿ ಹನ್ನೊಂದಕ್ಕೆ ಎದ್ದು ಹೋಗಿ ಮಿಕ್ಸ್ಚರ್ ಡಬ್ಬ ತೆಗೀತಾರೆ, ಅಡುಗೆಕೋಣೆ ಲೈಟ್ ಸಹ ಹಾಕುದಿಲ್ಲ." ಹವಾಲ್ದಾರರು ನೆಲ ನೋಡ್ತಾ ಕೂತಿದ್ರು. ಇಪ್ಪತ್ತು ವರ್ಷ ಶಿಸ್ತಲ್ಲಿ ಇದ್ದ ಮನುಷ್ಯ, ಒಂದು ಡಬ್ಬದ ಎದುರು ಸೋತೆ ಅನ್ನುವ ನಾಚಿಕೆ.

ಇದು ಹೊಟ್ಟೆಬಾಕತನ ಅಲ್ಲವೇ ಅಲ್ಲ. ಟೆನ್ಶನ್ ದಿನಗಟ್ಟಲೆ ಇಳಿಯದೆ ನಿಂತ್ರೆ ಕಾರ್ಟಿಸಾಲ್ ಅನ್ನುವ ಹಾರ್ಮೋನು ಏರುಪೇರಾಗ್ತದೆ, ಸಿಹಿ, ಎಣ್ಣೆಯದ್ದು ತಿಂದ್ರೆ ಮೆದುಳಿಗೆ ಸ್ವಲ್ಪ ಹೊತ್ತು ಸಮಾಧಾನ ಸಿಗ್ತದೆ, ಆ ಸಮಾಧಾನವನ್ನು ಮೆದುಳು ನೆನಪಿಟ್ಕೊಳ್ತದೆ, ಮರುದಿನ ಅದೇ ಹೊತ್ತಿಗೆ ಮತ್ತೆ ಕೇಳ್ತದೆ. ಬೇಡ ಅಂತ ತಡೆಯುವುದು ಮೆದುಳಲ್ಲಿ ಹಣೆಯ ಹಿಂದಿರುವ ಭಾಗದ ಕೆಲಸ, ನಿದ್ದೆಗೆಟ್ಟ, ಹೆದರಿದ ಮನುಷ್ಯನಲ್ಲಿ ಅದೇ ಮೊದಲು ಸುಸ್ತಾಗುದು.

ಇನ್ನೊಂದುಂಟು. ಸರ್ವಿಸಲ್ಲಿ ದಿನಾ ಬೆಳಿಗ್ಗೆ ಪಿಟಿ, ಅಂದ್ರೆ ವ್ಯಾಯಾಮ, ಇತ್ತು, ಊರಿಗೆ ಬಂದ ಮೇಲೆ ಅದು ಒಮ್ಮೆಗೇ ನಿಂತುಹೋಯ್ತು. ತಿನ್ನುವ ಅಳತೆ ಹಾಗೇ ಉಳೀತು, ಟೆನ್ಶನ್ ಹೊರಗೆ ಹೋಗುವ ದಾರಿ ಮಾತ್ರ ಮುಚ್ಚಿತು.

ಇಂಗ್ಲೆಂಡಿನ ಎಕ್ಸೆಟರ್ ಯೂನಿವರ್ಸಿಟಿಯವರು 2012ರಲ್ಲಿ ಚಾಕಲೇಟ್ ಪ್ರಿಯರನ್ನು ಬರೀ 15 ನಿಮಿಷ ಬಿರುಸಾಗಿ ನಡೆಸಿ, ಆಮೇಲೆ ಕೆಲಸಕ್ಕೆ ಕೂರಿಸಿ ಪಕ್ಕದಲ್ಲಿ ಚಾಕಲೇಟ್ ಇಟ್ರು, ನಡೆಯದವರು ತಿಂದದ್ದರ ಹೆಚ್ಚುಕಡಿಮೆ ಅರ್ಧ ತಿಂದ್ರು ಅಷ್ಟೇ. ಅವರು ಸೈನಿಕರಲ್ಲ, ಆದ್ರೂ ನನಗೆ ಆ 15 ನಿಮಿಷವೇ ಮುಖ್ಯ, ಯಾಕಂದ್ರೆ ಅಷ್ಟನ್ನು ಯಾರ ಹತ್ರವೂ ಕೇಳ್ಬಹುದು. ಅಮೆರಿಕದಲ್ಲಿ 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ವಯಸ್ಸಾದವರು ವಾರಕ್ಕೆ ಮೂರು ದಿನದಂತೆ ಒಂದು ವರ್ಷ ನಡೆದ ಮೇಲೆ ನೆನಪಿಗೆ ಬೇಕಾದ ಹಿಪೊಕ್ಯಾಂಪಸ್ ಅನ್ನುವ ಮೆದುಳಿನ ಭಾಗ ಸುಮಾರು 2% ದೊಡ್ಡದಾಗಿತ್ತು. ಒತ್ತಡವನ್ನು ಹತೋಟಿಗೆ ತರುವುದರಲ್ಲೂ ಈ ಭಾಗದ ಪಾಲುಂಟು.

ಮಾಜಿ ಸೈನಿಕರಲ್ಲಿ ನಾನು ಹೆಚ್ಚು ಗಮನಿಸುದು ಬೇರೆಯೇ ಒಂದು. ಪಟಾಕಿ ಸದ್ದಿಗೆ ಎದೆ ಹೊಡ್ಕೊಳ್ಳುದು, ಉಸಿರು ಬಿಗಿಯಾಗುದು, ಬೆವರುದು ಇದೆಲ್ಲ ಅವರ ಮೆದುಳಿಗೆ ಅಪಾಯದ ಗುರುತು. ಮಲ್ಪೆ ಬೀಚಲ್ಲಿ ಮರಳಿನ ಮೇಲೆ ಜೋರಾಗಿ ನಡೆದಾಗಲೂ ಅದೇ ಎದೆಬಡಿತ, ಅದೇ ಬೆವರು, ಆದ್ರೆ ಏನೂ ಆಗುದಿಲ್ಲ, ಹತ್ತು ನಿಮಿಷ ಕೂತ್ರೆ ತನ್ನಷ್ಟಕ್ಕೆ ಇಳೀತದೆ. ದಿನಾ ಹೀಗೆ ಏರಿ ಇಳಿದು ಏರಿ ಇಳಿದು, ಎದೆ ಹೊಡ್ಕೊಂಡದ್ದೆಲ್ಲ ಅಪಾಯ ಅಲ್ಲ ಅಂತ ಮೆದುಳು ಮೆಲ್ಲ ಕಲೀತದೆ.

ಮಂಡಿನೋವು, ಬಿಪಿ ಇದ್ದವರು ವೈದ್ಯರನ್ನು ಕೇಳಿಯೇ ನಡಿಗೆ ಶುರು ಮಾಡಿ, ಹಳೇ ಪಿಟಿಯ ಲೆಕ್ಕದಲ್ಲಿ ಓಡ್ಲಿಕ್ಕೆ ಹೋಗ್ಬೇಡಿ. ಊಟ ಬಿಡುದಂತೂ ಬೇಡವೇ ಬೇಡ, ಹಗಲು ಉಪವಾಸ ಮಾಡಿದವ್ರೇ ರಾತ್ರಿ ಹೆಚ್ಚು ತಿನ್ನುದು. ಕೆಟ್ಟ ಕನಸು, ಬದುಕು ಬೇಡ ಅನ್ನುವ ಯೋಚನೆ ಇದ್ರೆ ನಡಿಗೆ ಒಂದೇ ಸಾಕಾಗುದಿಲ್ಲ, ವೈದ್ಯರನ್ನು ನೋಡ್ಲೇಬೇಕು, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕನ್ನಡದಲ್ಲೇ ಮಾತಾಡ್ಬಹುದು.

ಹವಾಲ್ದಾರರಿಗೆ ನಾನು ಡಬ್ಬ ಮುಟ್ಬೇಡಿ ಅಂತ ಹೇಳ್ಲಿಲ್ಲ. ಎಚ್ಚರ ಆದ್ರೆ ಮೊದಲು ಜಗಲಿಯಲ್ಲಿ 15 ನಿಮಿಷ ನಡೀರಿ, ಆಮೇಲೂ ಬೇಕಾದ್ರೆ ಲೈಟ್ ಹಾಕಿ, ತಟ್ಟೆಗೆ ಹಾಕ್ಕೊಂಡು, ಕೂತು ತಿನ್ನಿ ಅಂದೆ. ಜೂನ್ ತಿಂಗಳ ಮಳೆ, ಹೊರಗೆ ಹೋಗ್ಲಿಕ್ಕೆ ಉಪಾಯ ಇರ್ಲಿಲ್ಲ. ಮುಂದಿನ ಸಲ ಬಂದಾಗ ತೂಕ ಏನೂ ಇಳಿದಿರ್ಲಿಲ್ಲ, ಆದ್ರೆ ಈ ಸಲ ಮಾತು ಶುರು ಮಾಡಿದ್ದು ಅವರೇ, "ವಾರದಲ್ಲಿ ಮೂರು ದಿನ ಡಬ್ಬ ತೆಗೀಲಿಲ್ಲ ಡಾಕ್ಟ್ರೇ, ತೆಗೆದ ದಿನ ಲೈಟ್ ಹಾಕಿದ್ದೇನೆ."