ತೂತು ತಪ್ಪಿದ ಪ್ಲೇಟ್‌ನಿಂದ ಸರಿಯಾದ ಗೇರ್ ಬರುತ್ತಾ?

ಪ್ರಶ್ನೆ: ನನ್ನ ಹತ್ತಿರ ಸಣ್ಣ ಲೇತ್ ಇದೆ, ಡ್ರಿಲ್ಲಿಂಗ್ ಮಷೀನ್ ಇದೆ. ಗೇರ್ ಹಲ್ಲು ಕಡಿಯುವಾಗ ಸುತ್ತನ್ನು ಸಮ ಭಾಗ ಮಾಡಿಕೊಡುವ ಡಿವೈಡಿಂಗ್ ಹೆಡ್ಡನ್ನು ನಾನೇ ಮಾಡಿಕೊಳ್ಳೋಣ ಅಂತಿದ್ದೇನೆ. ಆದರೆ ಇಂಡೆಕ್ಸ್ ಪ್ಲೇಟ್‌ಗೆ ಸಮ ಅಂತರದಲ್ಲಿ ತೂತು ಹಾಕೋದಕ್ಕೇ ಮೊದಲು ಒಂದು ಡಿವೈಡಿಂಗ್ ಹೆಡ್ ಬೇಕಲ್ವಾ? ಕೈಯಲ್ಲೇ ಗುರುತು ಹಾಕಿ ಕೊರೆದರೆ ಆ ತಪ್ಪೆಲ್ಲ ನಾಳೆ ಕಡಿಯುವ ಗೇರ್‌ಗೆ ಬರೋದಿಲ್ವಾ?

ಉತ್ತರ: ಬರುತ್ತದೆ. ಆದರೆ ನಲವತ್ತನೇ ಒಂದು ಪಾಲು ಮಾತ್ರ. ಹಾಗಾಗಿ ಪ್ಲೇಟ್ ಬಗ್ಗೆ ಇಷ್ಟು ಹೆದರಬೇಕಾಗಿಲ್ಲ. ಹೆದರಬೇಕಾದ ಜಾಗ ಬೇರೆ ಇದೆ, ಅದಕ್ಕೆ ಆಮೇಲೆ ಬರುತ್ತೇನೆ.

ಸಾಮಾನ್ಯ ಡಿವೈಡಿಂಗ್ ಹೆಡ್‌ನಲ್ಲಿ ಸ್ಪಿಂಡಲ್ (ಗೇರ್ ಹಿಡಿಯುವ ದಂಡ) ಮೇಲೆ 40 ಹಲ್ಲಿನ ವರ್ಮ್ ವೀಲ್ ಇರುತ್ತದೆ, ಅದನ್ನು ತಿರುಗಿಸೋದು ಕ್ರ್ಯಾಂಕ್‌ಗೆ (ಕೈಹಿಡಿಗೆ) ಕೂಡಿಸಿದ ವರ್ಮ್ ಎಂಬ ಸ್ಕ್ರೂ. ಕ್ರ್ಯಾಂಕನ್ನು 40 ಸುತ್ತು ತಿರುಗಿಸಿದರೆ ಸ್ಪಿಂಡಲ್ ಒಂದು ಸುತ್ತು ತಿರುಗುತ್ತದೆ. ಅಂದರೆ ಕ್ರ್ಯಾಂಕ್‌ನ ಒಂದು ಸುತ್ತಿಗೆ ಸ್ಪಿಂಡಲ್ ಕದಲೋದು 9 ಡಿಗ್ರಿ. ಪ್ಲೇಟ್ ಇರೋದು ಕ್ರ್ಯಾಂಕ್ ಕಡೆ, ಕ್ರ್ಯಾಂಕ್‌ನ ಪಿನ್ ಅದರ ತೂತಿಗೆ ಕೂರುತ್ತದೆ. ಅಲ್ಲಿ ಆದ ತಪ್ಪು ವರ್ಮ್ ದಾಟಿ ಬರುವಾಗ 40ರಿಂದ ಭಾಗವಾಗಿ ಬರುತ್ತದೆ.

ಲೆಕ್ಕ ಹಾಕಿಯೇ ನೋಡೋಣ. ಪ್ಲೇಟ್ ಮೇಲೆ 50 ಮಿಮೀ ತ್ರಿಜ್ಯದಲ್ಲಿ ತೂತುಗಳಿವೆ ಅಂದುಕೊಳ್ಳಿ. ಒಂದು ತೂತು 0.1 ಮಿಮೀ ಪಕ್ಕಕ್ಕೆ ಜರುಗಿದೆ. ಕೋನದಲ್ಲಿ ಇದು ಸುಮಾರು 7 ಮಿನಿಟ್ (ಡಿಗ್ರಿಯ 60ನೇ ಒಂದು ಪಾಲು ಮಿನಿಟ್, ಅದರ 60ನೇ ಒಂದು ಪಾಲು ಸೆಕೆಂಡ್). ಹಾಗೇ ಬಂದರೆ ಜಾಸ್ತಿಯೇ. ಆದರೆ ಸ್ಪಿಂಡಲ್ ತಲುಪುವ ಹೊತ್ತಿಗೆ ಅದು ಸುಮಾರು 10 ಸೆಕೆಂಡ್‌ಗೆ ಇಳಿದಿರುತ್ತದೆ. ನೀವು ಕಡಿಯುವ ಗೇರ್ 50 ಮಿಮೀ ವ್ಯಾಸದ್ದಾದರೆ ಅದರ ಅಂಚಿನಲ್ಲಿ ತಪ್ಪು 0.00125 ಮಿಮೀ. ಅದನ್ನು ಅಳೆಯುವ ಉಪಕರಣ ಮನೆಯ ವರ್ಕ್‌ಶಾಪ್‌ನಲ್ಲಿ ಇರೋದೇ ಅಪರೂಪ.

ಹಾಗಾಗಿ ಮೊದಲ ಪ್ಲೇಟನ್ನು ಕಾಗದದಿಂದಲೇ ಶುರು ಮಾಡಬಹುದು. ಕಂಪ್ಯೂಟರ್‌ನಲ್ಲಿ ವೃತ್ತ ಬರೆದು, ಬೇಕಾದಷ್ಟು ಭಾಗ ಮಾಡಿ, ಪ್ರಿಂಟ್ ತೆಗೆಯಿರಿ. ವೃತ್ತದ ವ್ಯಾಸವನ್ನು ಉದ್ದಕ್ಕೂ ಅಡ್ಡಕ್ಕೂ ಅಳೆದು ನೋಡಿ, ಕೆಲವು ಪ್ರಿಂಟರ್‌ಗಳು ಒಂದು ದಿಕ್ಕಿನಲ್ಲಿ ಸ್ವಲ್ಪ ಎಳೆದುಬಿಡುತ್ತವೆ. ಆಮೇಲೆ ತಗಡಿನ ಮೇಲೆ ಅಂಟಿಸಿ, ಭೂತಗನ್ನಡಿ ಇಟ್ಟುಕೊಂಡು ಸೆಂಟರ್ ಪಂಚ್ ಹೊಡೆಯಿರಿ. ಮೊದಲು ಸೆಂಟರ್ ಡ್ರಿಲ್, ಆಮೇಲೆ ಡ್ರಿಲ್. ನಿಧಾನವಾಗಿ ಮಾಡಿದರೆ 0.1 ಅಥವಾ 0.2 ಮಿಮೀ ಒಳಗೆ ಬರುತ್ತದೆ. ಅಕ್ಷರೇಖೆಯ ಸ್ಥಾನ ತೋರಿಸುವ ಡಿಜಿಟಲ್ ರೀಡೌಟ್ ಇರುವ ಮಿಲ್ಲಿಂಗ್ ಮಷೀನ್ ಇದ್ದರೆ ಕಾಗದವೂ ಬೇಡ, ತೂತುಗಳ ಸ್ಥಾನ ಲೆಕ್ಕ ಹಾಕಿ ನೇರವಾಗಿ ಕೊರೆಯಿರಿ.

ಈ ಪ್ಲೇಟ್ ಹಾಕಿ ಅದೇ ಹೆಡ್‌ನಲ್ಲಿ ಎರಡನೇ ಪ್ಲೇಟ್ ಕೊರೆಯಿರಿ. ಉದಾಹರಣೆಗೆ 21 ತೂತಿನ ಕಾಗದದ ಪ್ಲೇಟ್‌ನಿಂದ 21 ತೂತಿನ ಹೊಸ ಪ್ಲೇಟ್ ಬೇಕು. 40ನ್ನು 21ರಿಂದ ಭಾಗಿಸಿದರೆ ಒಂದು ಪೂರ್ತಿ ಸುತ್ತು, ಮೇಲೆ 19 ಅಂತರ. ಪ್ರತಿ ತೂತಿಗೂ ಅಷ್ಟೇ ತಿರುಗಿಸುತ್ತಾ ಹೋಗಿ. ಈಗ ಹಳೆಯ ಪ್ಲೇಟ್‌ನ ತಪ್ಪು ಲೆಕ್ಕಕ್ಕೇ ಬರೋದಿಲ್ಲ. ಡ್ರಿಲ್ ಬಿಟ್ ಅಲುಗಾಡಿ ಆಗುವ ತಪ್ಪು ಅದಕ್ಕಿಂತ ದೊಡ್ಡದು. ಹಾಗಾಗಿ ಉದ್ದನೆಯ ಬಿಟ್ ಬಳಸಬೇಡಿ, ಗಿಡ್ಡ ಸೆಂಟರ್ ಡ್ರಿಲ್‌ನಿಂದಲೇ ಶುರು ಮಾಡಿ. ಮೂರನೇ ಪ್ಲೇಟ್ ಮಾಡುವವರೂ ಇದ್ದಾರೆ. ನನಗೇನೋ ಅದು ಸುಮ್ನೆ ಶ್ರಮ ಅನಿಸುತ್ತದೆ.

ಇಲ್ಲೊಂದು ಎಚ್ಚರಿಕೆ. 19 ಅಂದರೆ 19 ಅಂತರ, 19 ತೂತಲ್ಲ. ಪಿನ್ ಈಗ ಕೂತಿರುವ ತೂತನ್ನು ಸೊನ್ನೆ ಅಂತ ಎಣಿಸಿ. ಎಣಿಕೆ ತಪ್ಪದಂತೆ ಪ್ಲೇಟ್ ಮೇಲೆ ಇಡುವ ಎರಡು ಕಡ್ಡಿಗಳ, ಅಂದರೆ ಸೆಕ್ಟರ್ ಆರ್ಮ್‌ಗಳ ನಡುವೆ 20 ತೂತು ಕಾಣಬೇಕು. ಹೊಸಬರ ಗೇರ್ ಕೆಡೋದು ಜಾಸ್ತಿ ಇಲ್ಲೇ.

ಈಗ ಹೆದರಬೇಕಾದ ಜಾಗಕ್ಕೆ ಬರೋಣ. ವರ್ಮ್ ವೀಲ್ ಇರೋದು ಸ್ಪಿಂಡಲ್ ಮೇಲೆಯೇ. ಅದರ ತಪ್ಪನ್ನು ಭಾಗಿಸೋಕೆ ಮುಂದೆ ಏನೂ ಇಲ್ಲ, ಇದ್ದದ್ದು ಇದ್ದ ಹಾಗೇ ಗೇರ್‌ಗೆ ಹೋಗುತ್ತದೆ. ಮನೆಯಲ್ಲಿ ಮಾಡಿದ ವೀಲ್‌ನಲ್ಲಿ ಮುಖ್ಯ ತಪ್ಪು ಅಂದರೆ ನಡುವಿನ ತೂತು ಹಲ್ಲುಗಳ ಸರಿ ಮಧ್ಯಕ್ಕೆ ಇಲ್ಲದಿರೋದು. 38 ಮಿಮೀ ವ್ಯಾಸದ ವೀಲ್ ಬರೀ 0.05 ಮಿಮೀ ಪಕ್ಕಕ್ಕಿದ್ದರೆ ಸ್ಪಿಂಡಲ್ ಒಂದು ಕಡೆ 9 ಮಿನಿಟ್ ಮುಂದೆ, ಎದುರುಗಡೆ 9 ಮಿನಿಟ್ ಹಿಂದೆ ನಿಲ್ಲುತ್ತದೆ. ಅದೇ 50 ಮಿಮೀ ಗೇರ್‌ನ ಅಂಚಿನಲ್ಲಿ ಇದು 0.065 ಮಿಮೀ. ಪ್ಲೇಟ್‌ನಲ್ಲಿ ಆದ ತಪ್ಪಿನ ಅರ್ಧದಷ್ಟೇ ತಪ್ಪು ಇಲ್ಲಾಯಿತು, ಆದರೆ ಫಲ ಐವತ್ತು ಪಟ್ಟು! ಪಕ್ಕಪಕ್ಕದ ಹಲ್ಲುಗಳಲ್ಲಿ ಇದು ಕಾಣೋದಿಲ್ಲ. ಇಡೀ ಸುತ್ತಿನಲ್ಲಿ ಮೆಲ್ಲಗೆ ಏರಿ ಇಳಿಯುತ್ತದೆ.

ಇದಕ್ಕೆ ಮದ್ದು ಸುಲಭ. ವೀಲ್‌ನ ಬ್ಲಾಂಕನ್ನು (ಇನ್ನೂ ಹಲ್ಲು ಕಡಿಯದ ಬಿಲ್ಲೆ) ಅದರದೇ ಸ್ಪಿಂಡಲ್ ಮೇಲೆ ಕೂರಿಸಿ, ಹೊರಗಿನ ವ್ಯಾಸವನ್ನು ಅಲ್ಲೇ ಟರ್ನ್ ಮಾಡಿ, ಹಲ್ಲನ್ನೂ ಅಲ್ಲೇ ಕಡಿಯಿರಿ. ಆಮೇಲೆ ಬಿಚ್ಚಬೇಡಿ. ಹಲ್ಲು ಕಡಿದ ಮೇಲೆ ಬೋರ್ ಮಾಡೋಣ ಅಂದರೆ ಕಷ್ಟಕ್ಕೆ ಸಿಕ್ಕಿಕೊಳ್ಳುತ್ತೀರಿ.

ಹಲ್ಲು ಕಡಿಯೋಕೆ ತೂತಿನೊಳಗೆ ಥ್ರೆಡ್ ಹಾಕುವ ಟ್ಯಾಪ್ ಸಾಕು. ಲೇತ್‌ನಲ್ಲಿ ಟ್ಯಾಪ್ ತಿರುಗುತ್ತಿರುತ್ತದೆ. ಹೆಡ್‌ನ ಸ್ಪಿಂಡಲ್ ಸಡಿಲವಾಗಿ ತಿರುಗುವ ಹಾಗೆ ಬಿಟ್ಟು ಬ್ಲಾಂಕನ್ನು ಅದಕ್ಕೆ ಒತ್ತುತ್ತಾ ಹೋದರೆ ಟ್ಯಾಪೇ ಅದನ್ನು ತಿರುಗಿಸಿಕೊಂಡು ಹಲ್ಲು ತೆಗೆಯುತ್ತದೆ. ಅದೇ ಅಳತೆಯ ಥ್ರೆಡ್ ಇರುವ ರಾಡ್ ವರ್ಮ್ ಆಗುತ್ತದೆ. ಎಂ24 (24 ಮಿಮೀ ಅಳತೆಯ) ಟ್ಯಾಪ್‌ನ ಪಿಚ್, ಅಂದರೆ ಒಂದು ಎಳೆಯಿಂದ ಮುಂದಿನ ಎಳೆಗೆ ಇರುವ ದೂರ, 3 ಮಿಮೀ. 40 ಹಲ್ಲಿಗೆ 120 ಮಿಮೀ ಸುತ್ತಳತೆ, ಅಂದರೆ 38.2 ಮಿಮೀ ಪಿಚ್ ವ್ಯಾಸ. ಅಷ್ಟು ದೊಡ್ಡ ಟ್ಯಾಪ್ ಇಲ್ಲದವರು ಎಂ12ರಲ್ಲಿ 60 ಹಲ್ಲು ಮಾಡಬಹುದು. ಪಿಚ್ 1.75, ವ್ಯಾಸ 33.4 ಮಿಮೀ. ಆಗ ಪ್ಲೇಟ್‌ನ ತಪ್ಪು 60ರಿಂದ ಭಾಗವಾಗುತ್ತದೆ, ಅದೂ ಒಳ್ಳೆಯದೇ.

ಆದರೆ ಟ್ಯಾಪ್‌ಗೆ ಬ್ಲಾಂಕ್ ಮೊದಲು ತಾಗೋದು ಹೊರಗಿನ ಅಂಚಿನಲ್ಲಿ. ಅಲ್ಲಿ ಸುತ್ತಳತೆ ಜಾಸ್ತಿ. ಹಾಗಾಗಿ 40 ಅಂದುಕೊಂಡದ್ದು 41 ಅಥವಾ 42 ಆಗಿ ಕೂತುಬಿಡುತ್ತದೆ. 41 ಅಂತೂ ಯಾವುದರಿಂದಲೂ ಭಾಗವಾಗದ ಸಂಖ್ಯೆ, ಅಂಥ ವೀಲ್ ಇಟ್ಟುಕೊಂಡು ಏನು ಮಾಡೋದು? ಅದಕ್ಕೇ ಮೊದಲು 40 ಕಚ್ಚು ಹಾಕಿಕೊಳ್ಳಬೇಕು, ಆಮೇಲೆ ಟ್ಯಾಪ್. ಆ 40 ಕಚ್ಚಿಗೆ ಗುರುತು ಎಲ್ಲಿಂದ? ಲೇತ್ ಜೊತೆ ಬಂದ ಚೇಂಜ್ ಗೇರ್‌ಗಳಲ್ಲಿ (ಥ್ರೆಡ್ ಕಡಿಯುವಾಗ ಬದಲಿಸುವ ಗೇರ್‌ಗಳು) 40 ಹಲ್ಲಿನದು ಇದ್ದರೆ ಅದನ್ನು ಹೆಡ್‌ನ ಸ್ಪಿಂಡಲ್‌ನ ಹಿಂಬದಿಗೆ ಸಿಕ್ಕಿಸಿ, ಹಲ್ಲಿನ ಸಂದಿಗೆ ಒಂದು ಚೂಪು ಪಿನ್ ಕೊಡಿ. ಕಚ್ಚು ಅಲ್ಪಸ್ವಲ್ಪ ಆಚೀಚೆ ಆದರೂ ಪರವಾಗಿಲ್ಲ, ಟ್ಯಾಪ್ ಸುತ್ತು ಸುತ್ತು ಬಂದು ಅದನ್ನು ಹಂಚಿ ಸರಿ ಮಾಡುತ್ತದೆ.

ವರ್ಮ್ ಮೂಲಕ ಭಾಗಿಸುವ ಈ ಉಪಾಯ ಹಳೆಯದು. ಇಂಗ್ಲೆಂಡಿನ ಜೆಸ್ಸಿ ರಾಮ್ಸ್‌ಡೆನ್ 1770ರ ದಶಕದಲ್ಲಿ ಕೋನಮಾಪಕಗಳಿಗೆ ಗೆರೆ ಹಾಕಲು ಮಾಡಿದ ಯಂತ್ರದಲ್ಲಿ 45 ಇಂಚಿನ ಚಕ್ರವಿತ್ತು, ಅಂಚಿನಲ್ಲಿ 2160 ಹಲ್ಲು. ಸ್ಕ್ರೂ 6 ಸುತ್ತು ತಿರುಗಿದರೆ ಚಕ್ರ ಒಂದು ಡಿಗ್ರಿ ಕದಲುತ್ತಿತ್ತು.

ಇನ್ನು ಬಳಸುವಾಗ: ವರ್ಮ್‌ಗೂ ವೀಲ್‌ಗೂ ನಡುವೆ ಸ್ವಲ್ಪ ಪ್ಲೇ ಇದ್ದೇ ಇರುತ್ತದೆ. ವರ್ಮ್‌ನ ಬುಷ್ಷನ್ನು ಎಕ್ಸೆಂಟ್ರಿಕ್ (ತೂತು ನಡುವಿನಿಂದ ಸ್ವಲ್ಪ ಪಕ್ಕಕ್ಕೆ ಇರುವ ಹಾಗೆ) ಮಾಡಿದರೆ ಅದನ್ನು ಕಡಿಮೆ ಮಾಡಿಕೊಳ್ಳಬಹುದು. ಕ್ರ್ಯಾಂಕನ್ನು ಯಾವಾಗಲೂ ಒಂದೇ ದಿಕ್ಕಿಗೆ ತಿರುಗಿಸಿ. ತೂತು ದಾಟಿ ಹೋದರೆ ಅರ್ಧ ಸುತ್ತು ಹಿಂದೆ ಬಂದು ಮತ್ತೆ ಮುಂದೆ ಹೋಗಿ. ಕಟ್ ಕೊಡುವ ಮೊದಲು ಸ್ಪಿಂಡಲ್ ಲಾಕ್ ಮಾಡಿ.

ವೀಲ್ ಸರಿ ಬಂತಾ ಅಂತ ನೋಡೋದಕ್ಕೆ ದುಬಾರಿ ಉಪಕರಣ ಬೇಡ. ಎರಡು ಮುಖ ಸಮಾನಾಂತರ ಇರುವ 100 ಮಿಮೀ ಪಟ್ಟಿಯನ್ನು ಸ್ಪಿಂಡಲ್‌ಗೆ ಕಟ್ಟಿ, ಡಯಲ್ ಗೇಜ್‌ನಿಂದ ಮೇಲಿನ ಮುಖ ಸಮ ಮಾಡಿ. ಕ್ರ್ಯಾಂಕ್ 20 ಸುತ್ತು ತಿರುಗಿಸಿ, ಈಗ ಮೇಲೆ ಬಂದ ಮುಖದ ಮೇಲೆ ಗೇಜ್ ಓಡಿಸಿ. ವೀಲ್ ನಾನು ಹೇಳಿದ ಹಾಗೆ 0.05 ಮಿಮೀ ಪಕ್ಕಕ್ಕಿದ್ದರೆ ಗೇಜ್ ಅರ್ಧ ಮಿಮೀವರೆಗೆ ತಪ್ಪು ತೋರಿಸಬಹುದು. ಒಂದೇ ಜಾಗದಲ್ಲಿ ನೋಡಿ ಬಿಡಬೇಡಿ. 5 ಸುತ್ತು ಮುಂದೆ ಹೋಗಿ, ಪಟ್ಟಿ ಸಡಿಲಿಸಿ ಮತ್ತೆ ಸಮ ಮಾಡಿ, ಇನ್ನೊಮ್ಮೆ ನೋಡಿ. ಹೀಗೆ ನಾಲ್ಕು ಜಾಗದಲ್ಲಿ.

ಕೊನೆಗೆ, ಎಷ್ಟು ತೂತಿನ ಪ್ಲೇಟ್? ಬ್ರೌನ್ ಅಂಡ್ ಶಾರ್ಪ್ ಮಾದರಿಯ ಮೂರು ಪ್ಲೇಟ್‌ಗಳಲ್ಲಿ 15ರಿಂದ 20, ಆಮೇಲೆ 21, 23, 27, 29, 31, 33, ಆಮೇಲೆ 37, 39, 41, 43, 47, 49 ಇರುತ್ತವೆ. ಅದನ್ನೆಲ್ಲ ನಕಲು ಮಾಡಬೇಕಾಗಿಲ್ಲ. ಎದುರಿಗಿರುವ ಕೆಲಸಕ್ಕೆ ಬೇಕಾದ್ದನ್ನು ಮಾತ್ರ ಕೊರೆಯಿರಿ. ಆ ಪ್ಲೇಟ್‌ಗಳಿಂದ ನೇರವಾಗಿ ಆಗದ 63 ಹಲ್ಲಿನ ಗೇರ್ ಬೇಕಾ? 63 ತೂತಿನ ಪ್ಲೇಟ್ ಮಾಡಿ, ಪ್ರತಿ ಹಲ್ಲಿಗೂ 40 ಅಂತರ. 50 ಮಿಮೀ ತ್ರಿಜ್ಯದಲ್ಲಿ ತೂತುಗಳ ನಡುವೆ 5 ಮಿಮೀ ಜಾಗ ಸಿಗುತ್ತದೆ. ಇಂಚು ಲೇತ್‌ನಲ್ಲಿ ಮಿಲಿಮೀಟರ್ ಥ್ರೆಡ್ ಕಡಿಯೋಕೆ ಬೇಕಾಗುವ 127 ಹಲ್ಲಿನ ಗೇರ್‌ಗೆ ಮಾತ್ರ ಕಾಗದ ಬಿಟ್ಟು ತಗಡಿನ ಪಟ್ಟಿ ಹಿಡಿಯಿರಿ. ಹಿಂದಿನ ತೂತಿಗೆ ಪಿನ್ ಸಿಕ್ಕಿಸಿ ಮುಂದಿನದನ್ನು ಕೊರೆಯುವ ಜಿಗ್‌ನಲ್ಲಿ 128 ತೂತು ಹಾಕಿ. ಪಟ್ಟಿಯನ್ನು ಮರದ ಚಕ್ರಕ್ಕೆ ಸುತ್ತಿ, ಕೊನೆಯ ತೂತು ಮೊದಲನೆಯದರ ಮೇಲೆ ಸರಿಯಾಗಿ ಕೂರುವವರೆಗೆ ಚಕ್ರವನ್ನು ಸ್ವಲ್ಪಸ್ವಲ್ಪವೇ ಟರ್ನ್ ಮಾಡಿ.