ಗಾಮಾ ಕಂಡ ಮಾತ್ರಕ್ಕೆ ಮೂಲ ಸಿಕ್ಕಿತೇ?

ಕಾಸ್ಮಿಕ್ ಕಿರಣಗಳ ಮೂಲ ಪತ್ತೆಯಾಯಿತು ಎಂದು ಪತ್ರಿಕೆಯಲ್ಲಿ ಬಂದ ಮರುದಿನ ಮೈಸೂರಿನ ನಮ್ಮ ಎಂ.ಎಸ್ಸಿ. ತರಗತಿಯಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ: "ಸರ್, ಹಾಗಾದ್ರೆ ಇದು ಮುಗೀತಾ?" ಮುಗಿದಿಲ್ಲ.

1912ರಲ್ಲಿ ವಿಕ್ಟರ್ ಹೆಸ್ ಬಲೂನಿನಲ್ಲಿ ಐದು ಸಾವಿರ ಮೀಟರಿಗೂ ಮೇಲೇರಿ, ಎತ್ತರ ಹೆಚ್ಚಿದಂತೆ ವಿಕಿರಣವೂ ಹೆಚ್ಚುವುದನ್ನು ಅಳೆದರು. ಅದೇ ಕಾಸ್ಮಿಕ್ ಕಿರಣ. ಬಾಹ್ಯಾಕಾಶದಿಂದ ಬರುವ ಈ ಕಣಗಳಲ್ಲಿ ಹೆಚ್ಚಿನವು ಪ್ರೋಟಾನ್‌ಗಳು. ಅವುಗಳಿಗೆ ವಿದ್ಯುದಾವೇಶವಿದೆ, ಹಾಗಾಗಿ ಗೆಲಾಕ್ಸಿಯ ಕಾಂತಕ್ಷೇತ್ರ ದಾರಿಯುದ್ದಕ್ಕೂ ಅವನ್ನು ಬಾಗಿಸುತ್ತಲೇ ಇರುತ್ತದೆ. ಜಂಬೂಸವಾರಿಯ ದಿನ ಸಯ್ಯಾಜಿರಾವ್ ರಸ್ತೆಯ ನೂಕುನುಗ್ಗಲಿನಿಂದ ಹೊರಬಿದ್ದವನನ್ನು ನೋಡಿ, ಅವನು ಯಾವ ಗಲ್ಲಿಯಿಂದ ಒಳಹೊಕ್ಕ ಎಂದು ಹೇಳಲಾದೀತೇ? ಈ ಕಣಗಳು ವೇಗ ಪಡೆಯುವ ಜಾಗದಲ್ಲೇ ಗಾಮಾ ಕಿರಣವೂ, ಅಂದರೆ ಅತಿ ಹೆಚ್ಚು ಶಕ್ತಿಯ ಬೆಳಕೂ, ಹುಟ್ಟಬಹುದು. ಅದಕ್ಕೆ ಆವೇಶವಿಲ್ಲ, ಹುಟ್ಟಿದಲ್ಲಿಂದ ನೆಟ್ಟಗೆ ಬರುತ್ತದೆ. ಮೂಲ ಹುಡುಕುವವರು ಅದರ ಬೆನ್ನು ಹತ್ತಿದ್ದು ಇದಕ್ಕೇ.

ತೊಡಕು ಇರುವುದು ಮುಂದೆ. ವೇಗದ ಪ್ರೋಟಾನ್ ಅನಿಲಕ್ಕೆ ಬಡಿದರೆ ತಟಸ್ಥ ಪಯಾನ್ ಎಂಬ ಅಲ್ಪಾಯುಷಿ ಕಣ ಹುಟ್ಟಿ, ಕ್ಷಣದಲ್ಲೇ ಎರಡು ಗಾಮಾಗಳಾಗಿ ಒಡೆಯುತ್ತದೆ. ಆದರೆ ವೇಗದ ಎಲೆಕ್ಟ್ರಾನ್ ಕೂಡ ಸಾಮಾನ್ಯ ಬೆಳಕಿನ ಕಣಕ್ಕೆ ಶಕ್ತಿ ಕೊಟ್ಟು ಗಾಮಾ ಮಾಡಬಲ್ಲದು. ಸಿಡಿದ ನಕ್ಷತ್ರವೊಂದರ ಅವಶೇಷವಾದ ಕ್ರ್ಯಾಬ್ ನೀಹಾರಿಕೆಯನ್ನೇ ನೋಡಿ (ಎಲೆಕ್ಟ್ರಾನ್‌ವೋಲ್ಟ್ ಎಂದರೆ ಕಣಗಳ ಶಕ್ತಿಯ ಅಳತೆ, ಪೆಟಾ ಎಂದರೆ ಸಾವಿರ ಟೆರಾ): ಅಲ್ಲಿಂದ 1.1 ಪೆಟಾ ಎಲೆಕ್ಟ್ರಾನ್‌ವೋಲ್ಟ್‌ನ ಗಾಮಾ ಬಂದಿದೆ ಎಂದು ಚೀನಾದ ಲಾಸೋ ವೀಕ್ಷಣಾಲಯ 2021ರಲ್ಲಿ ಪ್ರಕಟಿಸಿತು. ಆದರೂ ಅದರ ಬಹುಪಾಲು ಬೆಳಕಿಗೆ ಎಲೆಕ್ಟ್ರಾನ್‌ಗಳೇ ಸಾಕು.

ನಾನು ಗಟ್ಟಿ ಸಾಕ್ಷ್ಯವೆಂದು ಒಪ್ಪುವುದು 2013ರ ಫರ್ಮಿ ಉಪಗ್ರಹದ ಫಲಿತಾಂಶವನ್ನು. ಐಸಿ 443, ಡಬ್ಲ್ಯೂ 44 ಎಂಬ ಎರಡು ಸೂಪರ್‌ನೋವಾ (ಸಿಡಿದ ನಕ್ಷತ್ರ) ಅವಶೇಷಗಳ ಗಾಮಾ, ಕೆಳಶಕ್ತಿಯ ಕಡೆ ಪಯಾನ್‌ನಿಂದ ಹುಟ್ಟಿದರೆ ಹೇಗೆ ಕುಸಿಯಬೇಕೋ ಹಾಗೆಯೇ ಕುಸಿಯುತ್ತದೆ. ಅಲ್ಲಿ ಪ್ರೋಟಾನ್ ವೇಗ ಪಡೆಯುವುದು ಖಚಿತ. ಆದರೆ ನಮ್ಮ ಗೆಲಾಕ್ಸಿಯ ಕಿರಣಗಳು ಸುಮಾರು 3 ಪೆಟಾ ಎಲೆಕ್ಟ್ರಾನ್‌ವೋಲ್ಟ್‌ವರೆಗೆ ಹೋಗುತ್ತವೆ. ಇನ್ನೂ ಎಳೆಯದಾದ ಕ್ಯಾಸಿಯೋಪಿಯಾ-ಎ ಅವಶೇಷದ ಗಾಮಾ 3.5 ಟೆರಾ ಎಲೆಕ್ಟ್ರಾನ್‌ವೋಲ್ಟ್ ಹೊತ್ತಿಗೇ ಇಳಿದುಬಿಡುತ್ತದೆ ಎಂದು ಮ್ಯಾಜಿಕ್ ದೂರದರ್ಶಕ 2017ರಲ್ಲಿ ತೋರಿಸಿತು. ಪೆಟಾದ ಮುಂದೆ ಅದು ಬಲು ಚಿಕ್ಕದು.

ಗಾಮಾವನ್ನೂ ಪ್ರೋಟಾನನ್ನೂ ಬೇರ್ಪಡಿಸುವ ಕೆಲಸ ನೋಡಲು ನಮ್ಮವರು ದೂರ ಹೋಗಬೇಕಿಲ್ಲ, ಗುಂಡ್ಲುಪೇಟೆ, ಬಂಡೀಪುರ ದಾಟಿ ಊಟಿಗೆ ಹೋದರೆ ಸಾಕು. ಅಲ್ಲಿನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ (ಟಿಐಎಫ್‌ಆರ್) ಗ್ರೇಪ್ಸ್-3 ಪ್ರಯೋಗದಲ್ಲಿ ಸುಮಾರು 400 ಪತ್ತೆಯಂತ್ರಗಳು ಎಂಟೆಂಟು ಮೀಟರ್ ಅಂತರದಲ್ಲಿ ಕುಳಿತಿವೆ. ಪ್ರೋಟಾನ್ ಅಥವಾ ಗಾಮಾ ವಾತಾವರಣಕ್ಕೆ ಬಡಿದು ಮೇಲಿನಿಂದ ಕಣಗಳ ಸುರಿಮಳೆ ಬಿದ್ದಾಗ ಯಾವ ಯಂತ್ರಕ್ಕೆ ಎಷ್ಟು ನ್ಯಾನೋಸೆಕೆಂಡ್ ಮೊದಲು ತಾಗಿತು ಎನ್ನುವುದರಿಂದ ದಿಕ್ಕು ತಿಳಿಯುತ್ತದೆ. ಪಕ್ಕದಲ್ಲೇ ದಪ್ಪ ಕಾಂಕ್ರೀಟಿನ ಅಡಿ 560 ಚದರ ಮೀಟರಿನ ಮ್ಯೂಯಾನ್ ದೂರದರ್ಶಕ. ಮ್ಯೂಯಾನ್ ಎಂದರೆ ಎಲೆಕ್ಟ್ರಾನ್‌ನಂಥದೇ, ಆದರೆ ಹೆಚ್ಚು ಭಾರದ ಕಣ. ಕಾಂಕ್ರೀಟ್ ಉಳಿದ ಕಣಗಳನ್ನು ತಡೆದು ಮ್ಯೂಯಾನ್‌ಗಳನ್ನು ಮಾತ್ರ ಒಳಬಿಡುತ್ತದೆ. ಪ್ರೋಟಾನ್ ಸುರಿಮಳೆಯಲ್ಲಿ ಮ್ಯೂಯಾನ್ ಧಾರಾಳ, ಗಾಮಾದ್ದರಲ್ಲಿ ಬಹಳ ಕಡಿಮೆ. ನಮ್ಮ ಹುಡುಗರಿಗೆ ನಾನು ಮೊದಲು ತೋರಿಸುವುದು ಈ ಕಾಂಕ್ರೀಟನ್ನೇ.

ಸದ್ಯಕ್ಕೆ ನನ್ನ ಒಲವು ಸಿಗ್ನಸ್ ನಕ್ಷತ್ರಪುಂಜದ ಕಡೆಗೆ. ಅಲ್ಲಿನ ಭಾರಿ ನಕ್ಷತ್ರಗಳ ಗುಂಪಿನ ಸುತ್ತ ದೈತ್ಯ ಗಾಮಾ ಗುಳ್ಳೆಯೊಂದು ಇರುವುದನ್ನು ಲಾಸೋ 2024ರಲ್ಲಿ ವರದಿ ಮಾಡಿತು. ಅತಿ ಹೆಚ್ಚು ಶಕ್ತಿಯ ಗಾಮಾಗಳು ಅನಿಲದ ಮೋಡಗಳು ದಟ್ಟವಾಗಿರುವಲ್ಲೇ ಹೆಚ್ಚು ಕಾಣುತ್ತವೆ. ಎಲೆಕ್ಟ್ರಾನ್‌ಗಳಿಗೆ ಅನಿಲದ ಹಂಗಿಲ್ಲ, ಪ್ರೋಟಾನ್‌ಗಳಿಗಿದೆ.