ತವರು ಬೇರೆ, ಹುಟ್ಟೂರು ಬೇರೆ

ಕ್ರಿಕೆಟ್ ವರದಿಗಳಲ್ಲಿ ‘ತವರು ಮೈದಾನ’, ಚುನಾವಣೆ ಬಂದರೆ ‘ಮುಖ್ಯಮಂತ್ರಿಗಳ ತವರು ಜಿಲ್ಲೆ’. ಇಷ್ಟು ವರ್ಷ ಓದಿಕೊಂಡು ಸುಮ್ಮನಿದ್ದೆ. ಈಚೆಗೆ ಅಮೆರಿಕದ ಛಾಯಾಗ್ರಾಹಕಿ ಲಟೋಯಾ ರೂಬಿ ಫ್ರೇಜಿಯರ್ ಕುರಿತ ಕನ್ನಡ ಬರಹವೊಂದು ಕಣ್ಣಿಗೆ ಬಿತ್ತು. ಅದರಲ್ಲಿ ಆಕಾಶದಿಂದ ತೆಗೆದ ಒಂದು ಚಿತ್ರ: ಉಕ್ಕಿನ ಕಾರ್ಖಾನೆ, ಅದರ ಮಗ್ಗುಲಲ್ಲೇ ಒತ್ತಿಕೊಂಡ ಮನೆಗಳು. ಕೆಳಗೆ ‘ಛಾಯಾಗ್ರಾಹಕಿಯ ತವರು’ ಎಂಬ ಅಡಿಬರಹ. ಇನ್ನು ಸುಮ್ಮನಿರಲಾಗಲಿಲ್ಲ. ಕ್ರಿಕೆಟಿಗನಿಗೆ ತವರು ಕೊಟ್ಟರೆ ಪದವಷ್ಟೇ ಸವೆಯುತ್ತದೆ. ಇಲ್ಲಿ ಆ ಚಿತ್ರ ಹೇಳುತ್ತಿರುವ ಮಾತೇ ಮಾಸಿಹೋಗುತ್ತದೆ.

ತವರು ಹಳಗನ್ನಡದಲ್ಲಿ ‘ತವರ್’. ಇದನ್ನು ತಾಯಿಗೆ ಜೋಡಿಸಿ ಬಿಡಿಸುವವರಿದ್ದಾರೆ. ಕೇಳುವುದಕ್ಕೆ ಹಿತವಾಗಿದೆ, ಆದರೆ ನನ್ನ ಒಲವು ಇನ್ನೊಂದು ವಿವರಣೆಯ ಕಡೆಗೆ. ತಮಿಳಿನಲ್ಲಿ ‘ತಮರ್’ ಎಂದರೆ ತನ್ನವರು, ನೆಂಟರಿಷ್ಟರು. ನಮ್ಮ ‘ತಮ್ಮವರು’ ಕೂಡ ಅದೇ ‘ತಮ್’ ಬೇರಿನಿಂದ ಬಂದದ್ದು. ಮಕಾರ ವಕಾರವಾಗುವುದು ಕನ್ನಡಕ್ಕೆ ಹೊಸದೇನಲ್ಲ, ಕಣ್ಣಿನ ಎಮೆಯನ್ನೇ ಎವೆ ಎನ್ನುತ್ತೇವೆ. ಈ ದಾರಿ ಹಿಡಿದರೆ ತವರು ಎಂದರೆ ಮೊದಲಿಗೆ ಜನ. ಆ ಜನ ಇರುವ ಮನೆ ತವರುಮನೆ. ಆ ಮನೆ ಇರುವ ಊರು ತವರೂರು. ತವರು ಎಂದರೇ ಊರು ಎಂದಾಗಿದ್ದರೆ ‘ತವರೂರು’ ಎಂದು ಊರನ್ನು ಮತ್ತೆ ಅಂಟಿಸುವ ಅಗತ್ಯ ಏನಿತ್ತು?

‘ಕಾಫಿಯ ತವರು’, ‘ಸಂಗೀತದ ತವರು’ ಎನ್ನುವುದರ ಬಗ್ಗೆ ನನಗೆ ತಕರಾರಿಲ್ಲ. ಉಗಮಸ್ಥಾನ ಎಂಬ ಅರ್ಥ ಹಳೆಯ ಕಾವ್ಯಗಳಿಂದಲೂ ಬಂದದ್ದು. ಆದರೆ ಒಬ್ಬ ಮನುಷ್ಯನ ವಿಷಯದಲ್ಲಿ ತವರು ಎಂದಾಗ ಕನ್ನಡದ ಕಿವಿಗೆ ಮೊದಲು ಕೇಳುವುದು ಹೆಣ್ಣುಮಗಳೊಬ್ಬಳು ಬಿಟ್ಟುಬಂದ ಮನೆ. ಗಂಡಸಿಗೆ ಹುಟ್ಟೂರಿದೆ, ಸ್ವಂತ ಊರಿದೆ, ಮಾವನ ಮನೆಯಿದೆ. ತವರಿಲ್ಲ. ಬಿಟ್ಟು ಹೋಗದವರಿಗೆ ಅದು ಬೇಕಾಗುವುದೂ ಇಲ್ಲ.

ಗೌರಿಯನ್ನೇ ನೋಡಿ. ಭಾದ್ರಪದದ ತದಿಗೆಯಂದು ಆಕೆ ತವರಿಗೆ ಬರುತ್ತಾಳೆ, ಮರುದಿನವೇ ಕರೆದೊಯ್ಯಲು ಮಗ ಗಣೇಶ ಬಾಗಿಲಿಗೆ ಬಂದು ನಿಲ್ಲುತ್ತಾನೆ. ಉತ್ತರ ಕರ್ನಾಟಕದಲ್ಲಾದರೆ ಪಂಚಮಿಗೆ ಅಣ್ಣ ಕರೆಯಲು ಬರಬೇಕು. ಬರದಿದ್ದರೆ ಆ ನೋವು ಬೀಸುಕಲ್ಲಿನ ಹಾಡಾಗುತ್ತದೆ. ಬಾಗಿನ, ಮಡಿಲಕ್ಕಿ, ಚೊಚ್ಚಲ ಹೆರಿಗೆ, ಬಾಣಂತನ, ಎಲ್ಲವೂ ತವರಿನವು. ಎಲ್ಲವನ್ನೂ ಅವರಾಗಿ ಕೊಡಬೇಕು, ಕೇಳಿ ಪಡೆಯುವಂತಿಲ್ಲ.

ನನ್ನ ಜಗಳ ಇರುವುದು ಇಲ್ಲೇ. ಹಿಂದೂ ಉತ್ತರಾಧಿಕಾರದ ಕಾನೂನಿಗೆ ತಿದ್ದುಪಡಿಯಾಗಿ 1994ರಲ್ಲಿ ಕರ್ನಾಟಕದಲ್ಲಿ, 2005ರಲ್ಲಿ ಇಡೀ ದೇಶದಲ್ಲಿ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು ಬಂತು. ಆಮೇಲೆ ನಮ್ಮ ಮನೆಯಲ್ಲಿ ಆದದ್ದು ಹೀಗೆ. ನನ್ನ ಸೋದರತ್ತೆ ನೋಂದಣಿ ಕಚೇರಿಯ ಬೆಂಚಿನ ಮೇಲೆ ಅರ್ಧ ದಿನ ಕಾದು, ಹಕ್ಕು ಬಿಡುಗಡೆ ಪತ್ರಕ್ಕೆ ಹೆಬ್ಬೆಟ್ಟು ಒತ್ತಿದರು. ಬೆರಳಿಗೆ ಹತ್ತಿದ ನೀಲಿ ಶಾಯಿಯನ್ನು ಸೆರಗಿನ ಒಳಮಗ್ಗುಲಿಗೆ ಒರೆಸಿಕೊಳ್ಳುತ್ತಾ ನನ್ನ ತಂದೆಗೆ, “ಹೊಲ ಹೋಗಲಿ ಬಿಡೋ ತಮ್ಮಾ, ನನಗೆ ತವರೊಂದು ಉಳಿದರೆ ಸಾಕು” ಎಂದರು. ತವರು ಉಳಿಯಬೇಕಾದರೆ ಪಾಲು ಬಿಡಬೇಕು ಎಂಬುದು ಅವರಿಗೆ ಯಾರೂ ಹೇಳಿಕೊಡದೆ ತಿಳಿದಿತ್ತು. ಈ ಪದದ ಒಳಗೆ ಅಕ್ಕರೆಯೂ ಇದೆ, ಬಿಟ್ಟುಕೊಟ್ಟ ಹಕ್ಕೂ ಇದೆ. ಊರಿನ ಮೇಲೆ ಹಕ್ಕು ಸಾಧಿಸಲು ನಿಂತವಳ ಚಿತ್ರದ ಕೆಳಗೆ ಇದನ್ನು ಬರೆಯಬಾರದು.

ಫ್ರೇಜಿಯರ್ ಮಾಡುತ್ತಿರುವುದು ಹಕ್ಕಿನ ಕೆಲಸ. ಆಕೆ 1982ರಲ್ಲಿ ಹುಟ್ಟಿದ್ದು ಪಿಟ್ಸ್‌ಬರ್ಗ್ ಸಮೀಪದ ಬ್ರ್ಯಾಡಕ್‌ನಲ್ಲಿ, ಮೊನೊಂಗಹೀಲಾ ನದಿಯ ದಂಡೆಯ ಪುಟ್ಟ ಪಟ್ಟಣದಲ್ಲಿ. ಆಂಡ್ರ್ಯೂ ಕಾರ್ನೆಗಿಯ ಉಕ್ಕಿನ ಕಾರ್ಖಾನೆ 1875ರಲ್ಲಿ ಅಲ್ಲಿ ಕುಲುಮೆ ಹೊತ್ತಿಸಿತು, ಇಂದಿಗೂ ನಡೆಯುತ್ತಿದೆ. ಅಮೆರಿಕದಲ್ಲಿ ಆತ ಕಟ್ಟಿಸಿದ ಮೊದಲ ಗ್ರಂಥಾಲಯವೂ ಅಲ್ಲಿಯದೇ, 1889ರದ್ದು. 1920ರಲ್ಲಿ ಊರಿನ ಜನಸಂಖ್ಯೆ 20,000 ದಾಟಿತ್ತು. 2010ರ ಜನಗಣತಿಯಲ್ಲಿ ಉಳಿದಿದ್ದವರು 2,159. ಉಕ್ಕಿನ ಉದ್ಯಮ ಕುಸಿದಾಗ ಬಿಳಿಯರು ಬೇರೆ ಬಡಾವಣೆಗಳಿಗೆ ಹೊರಟರು. ಸಾಲ ಕೊಡುವುದರಲ್ಲೂ ಮನೆ ಮಾರುವುದರಲ್ಲೂ ನಡೆದ ಬಣ್ಣದ ತಾರತಮ್ಯದಿಂದಾಗಿ ಕಪ್ಪು ಕುಟುಂಬಗಳು ಕಾರ್ಖಾನೆಯ ಹೊಗೆಯ ಕೆಳಗೇ ಉಳಿದವು. ಊರಿನ ಚರಿತ್ರೆಯಲ್ಲಿ ಕಾರ್ನೆಗಿ ಇದ್ದಾನೆ, ಕುಲುಮೆಯ ಮುಂದೆ ದುಡಿದ ಕಪ್ಪು ಜನರಿಲ್ಲ ಎಂಬುದು ಫ್ರೇಜಿಯರ್ ಎತ್ತಿದ ದೂರು. ಹದಿಹರೆಯ ದಾಟುವ ಹೊತ್ತಿಗೇ ಆಕೆ ಕ್ಯಾಮೆರಾ ಹಿಡಿದು ಆ ಖಾಲಿ ಜಾಗ ತುಂಬಲು ಹೊರಟಳು. ಓದಲು ಬೇರೆ ಊರಿಗೆ ಹೋದಾಗಲೂ ಬಂದು ಬಂದು ಚಿತ್ರ ತೆಗೆದಳು. ಹಾಗಾಗಿ ಆಕೆ ಊರಿಗೆ ‘ಮರಳಿದಳು’ ಎಂದರೆ ಆ ಮಾತೂ ಸಡಿಲವೇ.

2010ರಲ್ಲಿ ಊರಿನ ಆಸ್ಪತ್ರೆ ಮುಚ್ಚಿತು, ಆಮೇಲೆ ಅದನ್ನು ಕೆಡವಿದರು. ಊರಿನಲ್ಲಿ ಅತಿ ಹೆಚ್ಚು ಜನರಿಗೆ ಕೆಲಸ ಕೊಟ್ಟಿದ್ದೂ ಅದೇ. ಫ್ರೇಜಿಯರ್‌ಗೆ ಮೈಯ ರೋಗನಿರೋಧಕ ಶಕ್ತಿಯೇ ಮೈಯ ಮೇಲೆ ತಿರುಗಿಬೀಳುವ ಲೂಪಸ್ ಕಾಯಿಲೆ, ತಾಯಿಗೂ ಅಜ್ಜಿಗೂ ಕ್ಯಾನ್ಸರ್ ಬಂದಿತ್ತು. ಅದೇ ವರ್ಷ ಲೆವಿಸ್ ಕಂಪನಿ ಬ್ರ್ಯಾಡಕ್ಕನ್ನು ಹಿನ್ನೆಲೆಯಾಗಿಸಿಕೊಂಡು, ಎಲ್ಲರ ದುಡಿಮೆಯೂ ಸಮಾನ ಎಂದು ಸಾರುವ ಜೀನ್ಸ್ ಜಾಹೀರಾತು ಹೊರತಂದಿತು. ಫ್ರೇಜಿಯರ್ ಲೆವಿಸ್ ಉಡುಪನ್ನೇ ತೊಟ್ಟು ನ್ಯೂಯಾರ್ಕಿನಲ್ಲಿ ಕಂಪನಿಯ ಮಳಿಗೆಯೆದುರಿನ ಕಾಲುದಾರಿಯ ಮೇಲೆ ಬಿದ್ದು, ಬಟ್ಟೆ ಹರಿಯುವವರೆಗೂ ಮೈಯನ್ನು ನೆಲಕ್ಕೆ ಉಜ್ಜಿದಳು. ಆಸ್ಪತ್ರೆ ಉಳಿಸಿ ಎಂದು ಬೀದಿಗಿಳಿದ ಊರವರ ಚಿತ್ರಗಳನ್ನೂ ಆಕೆ ತೆಗೆದಿದ್ದಾಳೆ. ಆಕಾಶದಿಂದ ತೆಗೆದ ಆ ಚಿತ್ರವೂ ಇದೇ ಸಾಲಿನದು. ಕಾರ್ಖಾನೆ ಎಷ್ಟು ನೆಲ ಹಿಡಿದಿದೆ, ಮನೆಗಳಿಗೆ ಎಷ್ಟು ಉಳಿದಿದೆ ಎಂದು ಅದು ಅಳತೆ ಮಾಡಿ ತೋರಿಸುತ್ತದೆ. ಅದಕ್ಕೆ ‘ತವರು’ ಎಂದ ಕೂಡಲೇ ಓದುಗನ ಕಣ್ಣ ಮುಂದೆ ಬರುವುದು ಬಾಗಿನ ಮತ್ತು ಕಣ್ಣೀರು. ಪಾಲು ಕೇಳುವವಳ ಮಾತನ್ನು ನೆನಪು ತೋಡಿಕೊಳ್ಳುವವಳ ಮಾತಾಗಿಸಿ ಒಪ್ಪಿಸಿದಂತಾಯಿತು.

ಹಾಗೆಂದು ಆಕೆಯ ಚಿತ್ರಗಳಲ್ಲಿ ತವರಿಲ್ಲವೆಂದಲ್ಲ. ಇದೆ, ಆದರೆ ಮನೆಯೊಳಗೆ. ಆಕೆಯನ್ನು ಸಾಕಿದ್ದು ಅಜ್ಜಿ ರೂಬಿ. 2005ರ ಕಪ್ಪು ಬಿಳುಪು ಚಿತ್ರವೊಂದರಲ್ಲಿ ಅಜ್ಜಿ ಮೊಮ್ಮಗಳಿಬ್ಬರೂ ನೆಲದ ಮೇಲೆ ಕುಳಿತು ನೇರ ನಮ್ಮನ್ನೇ ನೋಡುತ್ತಾರೆ, ಜೊತೆಗೆ ಅಜ್ಜಿ ಕೂಡಿಟ್ಟ ಗೊಂಬೆಗಳು. 2008ರ ಇನ್ನೊಂದರಲ್ಲಿ ತಾಯಿ ಅಡ್ಡಮುಖವಾಗಿ ಮಗಳ ಮುಂದೆ ಬಂದು, ಮಗಳ ಅರ್ಧ ಮುಖ ಮರೆಯಾಗಿ, ಎರಡು ಮುಖ ಸೇರಿ ಒಂದೇ ಎಂಬಂತೆ ಕಾಣುತ್ತದೆ. ಹಲವು ಚಿತ್ರಗಳಲ್ಲಿ ಕ್ಯಾಮೆರಾ ತಾಯಿಯ ಕೈಯಲ್ಲೂ ಇತ್ತು. 2009ರಲ್ಲಿ ಅಜ್ಜಿ ತೀರಿಕೊಂಡರು. ಆಮೇಲೆ ಬರಿದಾದ ಮನೆಗೆ ಹೋದ ಫ್ರೇಜಿಯರ್, ಕಾರ್ಖಾನೆಯಲ್ಲಿ ದುಡಿದಿದ್ದ ಅಜ್ಜಿಯ ಮಲತಂದೆಯ ಪೈಜಾಮ ತೊಟ್ಟು, ಅವರ ಹೊದಿಕೆ ಸುತ್ತಿಕೊಂಡು ತನ್ನದೇ ಚಿತ್ರ ತೆಗೆದುಕೊಂಡಳು. ಬಾಗಿಲು ತೆರೆಯುವವರಿಲ್ಲದ ಮನೆಯಲ್ಲಿ ನಿಂತ ಹೆಣ್ಣುಮಗಳು.

ಆಕೆ ಮದುವೆಯಾಗಿ ಮನೆ ಬಿಟ್ಟವಳಲ್ಲ, ನಮ್ಮ ಪದದ ಕಟ್ಟುಪಾಡು ಅಲ್ಲಿಗೆ ಪೂರ್ತಿ ಹೊಂದುವುದೂ ಇಲ್ಲ. ಆದರೂ ‘ತನ್ನವರು’ ಎಂಬ ಬೇರಿನ ಅರ್ಥದಲ್ಲಿ ಆ ಹೊದಿಕೆಯ ಚಿತ್ರದ ಕೆಳಗೆ ಯಾರಾದರೂ ತವರು ಎಂದು ಬರೆದರೆ ನಾನು ಒಪ್ಪುತ್ತೇನೆ. ಕಾರ್ಖಾನೆಯ ಚಿತ್ರದ ಕೆಳಗೆ ಮಾತ್ರ ‘ಹುಟ್ಟೂರು, ಬ್ರ್ಯಾಡಕ್’ ಎಂದಿರಲಿ.